ಆ್ಯಬಿ ರೋಡಿನ ಒಂದು ಸೋಮವಾರ

ಲಂಡನ್ ನಗರದ ವಾಯವ್ಯಕ್ಕೆ, ಸೇಂಟ್ ಜಾನ್ಸ್ ವುಡ್ ಎಂಬ ಬಡಾವಣೆಯಲ್ಲಿ, ಕ್ರಿಕೆಟ್ಟಿಗೆ ಹೆಸರಾದ ಲಾರ್ಡ್ಸ್ ಮೈದಾನದಿಂದ ಕಾಲ್ನಡಿಗೆಯಲ್ಲೇ ತಲಪಬಹುದಾದಷ್ಟು ದೂರದಲ್ಲಿ, ಆ್ಯಬಿ ರೋಡಿನ ಮೂರನೆಯ ನಂಬರಿನ ಮನೆ ಇದೆ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕಟ್ಟಿದ, ಒಂಬತ್ತು ಮಲಗುವ ಕೋಣೆಗಳಿದ್ದ ಆ ಬಿಳಿಯ ಮನೆಯನ್ನು ಬೀದಿಯಿಂದ ಕಂಡವರಿಗೆ, ಒಳಗೆ ಯಾರೋ ನಿವೃತ್ತ ನ್ಯಾಯಾಧೀಶರು ವಾಸವಾಗಿದ್ದಾರೆಂದು ತೋರಿದರೆ ಆಶ್ಚರ್ಯವಿಲ್ಲ. 1929ರಲ್ಲಿ ಗ್ರಾಮಫೋನ್ ಕಂಪೆನಿಯು ಅದನ್ನು ಕ್ರಯಕ್ಕೆ ಪಡೆದು, ಮುಂಭಾಗವನ್ನು ಇದ್ದಂತೆಯೇ ಬಿಟ್ಟು, ಹಿತ್ತಲಿನಲ್ಲಿ ಧ್ವನಿಮುದ್ರಣಕ್ಕೆಂದೇ ಮೂರು ಸ್ಟುಡಿಯೊಗಳನ್ನು ಕಟ್ಟಿಸಿತು. 1931ರ ನವೆಂಬರ್ 12ರಂದು ವೃದ್ಧ ಸಂಗೀತಜ್ಞ ಸರ್ ಎಡ್ವರ್ಡ್ ಎಲ್ಗರ್ ಅವರು ತಮ್ಮ ಕೃತಿಯೊಂದನ್ನು ವಾದ್ಯವೃಂದದಿಂದ ನುಡಿಸಿ ಅದಕ್ಕೆ ಪ್ರಾರಂಭೋತ್ಸವ ಮಾಡಿದರು. ಆ ವರ್ಷವೇ ಆ ಕಂಪೆನಿಯು ತನ್ನ ಪ್ರತಿಸ್ಪರ್ಧಿಯಾಗಿದ್ದ ಕೊಲಂಬಿಯದೊಡನೆ ಸೇರಿ ಇಎಂಐ ಎಂಬ ಹೊಸ ಹೆಸರನ್ನು ತಳೆಯಿತು. ಆ ಹೆಸರು ನಮ್ಮವರಿಗೆ ಅಷ್ಟಾಗಿ ಪರಿಚಿತವಲ್ಲ. ಆದರೆ ಕಹಳೆಯ ಮುಂದೆ ಕಿವಿಗೊಟ್ಟು ಕುಳಿತ ನಾಯಿಯ ಚಿತ್ರವನ್ನು ಹೊತ್ತ ಅದರ ತಟ್ಟೆಗಳು, ‘ನಾಯಿ ಮಾರ್ಕಿನ ಪ್ಲೇಟು’ಗಳೆಂಬ ಹೆಸರಿನಿಂದ, ಮೈಸೂರು ಧಾರವಾಡಗಳ ಎಷ್ಟೋ ಮನೆಗಳ ಪಡಸಾಲೆಯಲ್ಲಿ ತಿರುಗಿದುವು.

ಮೈಸೂರಿನ ಪ್ರಸ್ತಾಪ ಬಂದದ್ದರಿಂದ ಇಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿಯಲು ಮನಸ್ಸಾಗುವುದಿಲ್ಲ. ಕರ್ಣಾಟಕ ಸಂಗೀತದಲ್ಲಿ ಕೀರ್ತನೆಗಳನ್ನು ರಚಿಸಿದ ಶ್ರೀ ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತದಲ್ಲಿಯೂ ಪರಿಣತರಾಗಿದ್ದು, 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿಯನ್ನು ಪಡೆದಿದ್ದರು. ರಷ್ಯವನ್ನು ತೊರೆದು ಬಂದು ಲಂಡನ್ನಿನಲ್ಲಿ ನೆಲೆಸಿ, ಲೋಕವು ಹೆಚ್ಚುಕಡಮೆ ಮರೆತೇಬಿಟ್ಟಿದ್ದ ನಿಕೊಲಾಯ್ ಮೆಟ್ನರ್ ಎಂಬ ವೃದ್ಧ ಸಂಗೀತ ರಚನಕಾರರ ಕೃತಿಗಳು ಅವರ ಕೈಯಿಂದಲೇ ಮುದ್ರಣಗೊಂಡು ಉಳಿಯಬೇಕೆಂದು, ಆ ನಾಯಿ ಮಾರ್ಕಿನ ಕಂಪೆನಿಗೆ ದ್ರವ್ಯ ಸಹಾಯ ಮಾಡಿದವರು ಆ ಮಹಾರಾಜರೇ. ಕೃತಜ್ಞರಾದ ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಚರ್ಟೊವನ್ನು ಅವರಿಗೆ ಅರ್ಪಿಸಿದರು. ಈ ಪ್ರಸಂಗವನ್ನು ನಾನಿಲ್ಲಿ ತಂದುದು ಕೇವಲ ಅಭಿಮಾನದಿಂದಲ್ಲ. ಆ ಕಂಪೆನಿಯ ದೃಷ್ಟಿಯಲ್ಲಿ ಸಂಗೀತಕ್ಕೆ ಎರಡು ಪಂಕ್ತಿಗಳಿದ್ದುವು: ಶಾಸ್ತ್ರೀಯ ಸಂಗೀತವು ಕಾಲವನ್ನೂ ಹಣವನ್ನೂ ಉತ್ತಮ ಯಂತ್ರಗಳನ್ನೂ ಕೇಳಬಹುದಾಗಿತ್ತು, ಬೀದಿಯ ಹುಡುಗರು ಕುಣಿಯುವ ಲಘು ಸಂಗೀತವು ಕೊಟ್ಟಷ್ಟನ್ನು ಉಂಡು ಏಳಬೇಕಾಗಿತ್ತು. ಈ ಎರಡನೆಯ ಪಂಕ್ತಿಯಲ್ಲಿ ಕುಳಿತು, 1963ರ ಫೆಬ್ರುವರಿ 11ರ ಸೋಮವಾರ, ಲಿವರ್‌ಪೂಲಿನ ನಾಲ್ವರು ಯುವಕರು ತಮ್ಮ ಮೊದಲ ದೀರ್ಘ ತಟ್ಟೆಯನ್ನು ಹಾಡಿ ಮುಗಿಸಿದ ವೃತ್ತಾಂತವೇ ಈ ಲೇಖನದ ವಿಷಯ.

ಆ ನಾಲ್ವರ ತಂಡವಾದ ಬೀಟಲ್ಸ್ ವಿಷಯವಾಗಿ ಬರೆದ ಪುಸ್ತಕಗಳಿಗೆ ಲೆಕ್ಕವಿಲ್ಲ. ಆದ್ದರಿಂದ ನಾನು ಮೊದಲು ಅವರನ್ನು ಬಿಟ್ಟು, ಗಾಜಿನ ಹಿಂದೆ ಕುಳಿತಿದ್ದ ಇನ್ನೊಬ್ಬರಿಂದ ಆರಂಭಿಸುತ್ತೇನೆ. ಜಾರ್ಜ್ ಮಾರ್ಟಿನ್ನರು ಹುಟ್ಟಿದುದು 1926ರಲ್ಲಿ, ಉತ್ತರ ಲಂಡನ್ನಿನ ಬಡಗಿಯೊಬ್ಬನ ಮಗನಾಗಿ. ಯುದ್ಧಕಾಲದಲ್ಲಿ ನೌಕಾದಳದ ವಿಮಾನ ವಿಭಾಗದಲ್ಲಿ ಸೇವೆ ಸಲ್ಲಿಸಿ, ಅಲ್ಲಿನ ಅಧಿಕಾರಿಗಳ ಸಹವಾಸದಿಂದ ನಯವಾದ ಮಾತನ್ನೂ ನಡವಳಿಕೆಯನ್ನೂ ಕಲಿತು, ಆ ತರುವಾಯ ನಮ್ಮ ಮಹಾರಾಜರಿಗೆ ಪದವಿ ನೀಡಿದ್ದ ಗಿಲ್ಡ್‌ಹಾಲ್ ಶಾಲೆಯಲ್ಲಿಯೇ ಪಿಯಾನೊ ಮತ್ತು ಓಬೊ ಅಭ್ಯಾಸ ಮಾಡಿ, 1950ರಲ್ಲಿ ಇಎಂಐ ಸಂಸ್ಥೆಯ ಪಾರ್ಲೊಫೋನ್ ಎಂಬ ಶಾಖೆಗೆ ಸಹಾಯಕರಾಗಿ ಸೇರಿದರು. ಐದು ವರ್ಷಗಳಲ್ಲಿ, ಮೂವತ್ತು ತುಂಬುವುದರೊಳಗೇ, ಅದರ ಮುಖ್ಯಸ್ಥರಾದರು. ಹೇಳಿಕೊಳ್ಳುವಂಥ ಅಧಿಕಾರವೇನೂ ಅಲ್ಲ ಅದು. ಸಂಸ್ಥೆಯ ಶಾಖೆಗಳಲ್ಲಿ ಪಾರ್ಲೊಫೋನು ಬಡಪಾಯಿ. ದೊಡ್ಡ ಗಾಯಕರೆಲ್ಲ ಬೇರೆ ಶಾಖೆಗಳ ಪಾಲಾಗಿದ್ದರು. ಮಾರ್ಟಿನ್ನರು ಉಳಿದವರು ಮುಟ್ಟದ ವಸ್ತುವನ್ನು ಹುಡುಕಿದರು, ಅದು ಹಾಸ್ಯ. ಪೀಟರ್ ಸೆಲ್ಲರ್ಸ್, ಸ್ಪೈಕ್ ಮಿಲಿಗನ್ ಮೊದಲಾದ ಹಾಸ್ಯನಟರನ್ನು ಕರೆತಂದು, ಇಲ್ಲದ ಊರಿನ ಗದ್ದಲವನ್ನೂ ಇಲ್ಲದ ರೈಲಿನ ಸದ್ದನ್ನೂ ಟೇಪಿನ ತುಂಡುಗಳಿಂದ ಸೃಷ್ಟಿಸಿ, ಕಿವಿಯಿಂದಲೇ ನೋಡಬಹುದಾದ ನಾಟಕಗಳನ್ನು ತಟ್ಟೆಗಿಳಿಸಿದರು. 1960ರಲ್ಲಿ ಸೆಲ್ಲರ್ಸನು ಭಾರತೀಯ ವೈದ್ಯನಂತೆ ನಾಲಗೆ ತಿರುಗಿಸಿ, ಸೋಫಿಯಾ ಲೊರೆನ್ನಳೊಡನೆ ಹಾಡಿದ ಹಾಸ್ಯಗೀತವೂ ಅವರ ಕೈಯದೇ. ಅದನ್ನು ಕೇಳಿ ನಾವು ನಗಬೇಕೋ ಮುನಿಯಬೇಕೋ ಎಂಬುದು ಬೇರೆ ಮಾತು.

‘ನಿರ್ಮಾಪಕ’ ಎಂದೊಡನೆ ನಮಗೆ ಹೊಳೆಯುವುದು ಸಿನಿಮಾಕ್ಕೆ ಹಣ ಹೂಡುವ ಸಾಹುಕಾರ. ಧ್ವನಿಮುದ್ರಣದ ಪ್ರೊಡ್ಯೂಸರನು ಆ ಜಾತಿಯವನಲ್ಲ. ಯಾವ ಹಾಡು ತಟ್ಟೆಗೆ ಯೋಗ್ಯ, ಅದನ್ನು ಯಾವ ಶ್ರುತಿಯಲ್ಲಿ ಯಾವ ಕಾಲಪ್ರಮಾಣದಲ್ಲಿ ಹಾಡಿದರೆ ಕಳೆಗಟ್ಟುತ್ತದೆ, ಎಲ್ಲಿ ಯಾವ ವಾದ್ಯ ಸುಮ್ಮನಿರಬೇಕು, ಹತ್ತು ಬಾರಿ ಹಾಡಿದುದರಲ್ಲಿ ಯಾವುದನ್ನು ಉಳಿಸಬೇಕು, ಎಲ್ಲಕ್ಕಿಂತ ಮಿಗಿಲಾಗಿ ಯಾವಾಗ ‘ಸಾಕು’ ಎನ್ನಬೇಕು ಎಂಬುದನ್ನೆಲ್ಲ ನಿಶ್ಚಯಿಸುವವನು ಅವನು. ಸಂಸ್ಕೃತ ನಾಟಕದ ಸೂತ್ರಧಾರನಿಗೆ ಅವನನ್ನು ಹೋಲಿಸಬಹುದಾಗಿತ್ತು. ಆದರೆ ಸೂತ್ರಧಾರನು ನಾಂದಿಯ ಹೊತ್ತಿಗಾದರೂ ರಂಗದ ಮೇಲೆ ಬಂದು ಮುಖ ತೋರಿಸಿ ಹೋಗುತ್ತಾನೆ. ಇವನಿಗೆ ಆ ಭಾಗ್ಯವೂ ಇಲ್ಲ.

ಈ ಮಾರ್ಟಿನ್ನರ ಬಳಿಗೆ 1962ರ ಫೆಬ್ರುವರಿಯಲ್ಲಿ ಬ್ರಯನ್ ಎಪ್‌ಸ್ಟೀನ್ ಎಂಬ ಯುವಕನು ಬಂದನು. ಲಿವರ್‌ಪೂಲಿನಲ್ಲಿ ಅವನ ಮನೆತನಕ್ಕೆ ಸೇರಿದ ಗ್ರಾಮಫೋನ್ ತಟ್ಟೆಗಳ ಅಂಗಡಿ ಇತ್ತು. ಅಲ್ಲಿಗೆ ಸಮೀಪದಲ್ಲೇ, ಮ್ಯಾಥ್ಯೂ ಬೀದಿಯ ನೆಲಮಾಳಿಗೆಯೊಂದರಲ್ಲಿ, ‘ಕ್ಯಾವರ್ನ್’ ಎಂಬ ಹೆಸರಿನ ಗಾನಶಾಲೆಯಲ್ಲಿ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಹಾಡುತ್ತಿದ್ದ ಈ ಹುಡುಗರನ್ನು ಅವನು ಹಿಂದಿನ ನವೆಂಬರಿನಲ್ಲಿ ಕಂಡು, ಅವರ ವ್ಯವಹಾರವನ್ನು ತಾನೇ ವಹಿಸಿಕೊಂಡಿದ್ದನು. ಡೆಕ್ಕಾ ಕಂಪೆನಿಯವರು ಹೊಸ ವರ್ಷದ ದಿನವೇ ಅವರಿಂದ ಹದಿನೈದು ಹಾಡು ಹಾಡಿಸಿ, ಆಮೇಲೆ ಬೇಡವೆಂದಿದ್ದರು. ಆ ಟೇಪುಗಳನ್ನು ಹಿಡಿದು ಅಂಗಡಿಯಿಂದ ಅಂಗಡಿಗೆ, ಕಚೇರಿಯಿಂದ ಕಚೇರಿಗೆ ಅಲೆದ ಎಪ್‌ಸ್ಟೀನನಿಗೆ ಕಡೆಗೆ ಬಾಗಿಲು ತೆರೆದುದು ಹಾಸ್ಯದ ತಟ್ಟೆಗಳ ಈ ಕಚೇರಿ. ಜೂನ್ 6ರಂದು ಪರೀಕ್ಷೆ ನಡೆಯಿತು. ಹಾಡುಗಳು ಮಾರ್ಟಿನ್ನರ ಮನಸ್ಸಿಗೆ ಹಿಡಿಸಲಿಲ್ಲ, ಡ್ರಮ್ಮು ಬಾರಿಸುವವನ ಕೈ ಅವರಿಗೆ ಒಪ್ಪಿಗೆಯಾಗಲಿಲ್ಲ. ಅವರು ನಾಲ್ವರನ್ನೂ ಮೇಲೆ ಕರೆಸಿ, ಧ್ವನಿಮುದ್ರಣವೆಂದರೇನು, ನಿಮ್ಮಲ್ಲಿ ಏನೇನು ಕೊರತೆ ಇದೆ ಎಂಬುದನ್ನು ದೀರ್ಘವಾಗಿ ಉಪದೇಶಿಸಿ, ನಿಮಗೆ ಹಿಡಿಸದಿದ್ದುದು ಏನಾದರೂ ಇದ್ದರೆ ನೀವೂ ಹೇಳಬಹುದು ಎಂದರು. ಕ್ಷಣಕಾಲ ಎಲ್ಲರೂ ಸುಮ್ಮನಿದ್ದರು. ಆಮೇಲೆ ಅವರಲ್ಲಿ ಎಲ್ಲರಿಗಿಂತ ಕಿರಿಯನಾದ ಜಾರ್ಜ್ ಹ್ಯಾರಿಸನ್ನನು, ಮೊದಲನೆಯದಾಗಿ ನಿಮ್ಮ ಟೈ ನನಗೆ ಹಿಡಿಸಲಿಲ್ಲ ಎಂದುಬಿಟ್ಟನು. ಹಾಸ್ಯನಟರ ನಡುವೆ ಹತ್ತು ವರ್ಷ ಬಾಳಿದವರಿಗೆ ಆ ಮಾತಿನ ಧಾಟಿ ಹೊಸದಲ್ಲ. ಆ ದಿನ ಮಾರ್ಟಿನ್ನರು ಒಲಿದುದು ಹಾಡಿಗಲ್ಲ, ಆ ತುಂಟತನಕ್ಕೆ ಎಂದು ಬಲ್ಲವರು ಹೇಳುತ್ತಾರೆ. ನನಗೂ ಹಾಗೆಯೇ ತೋರುತ್ತದೆ.

ಆಗಸ್ಟಿನಲ್ಲಿ ಡ್ರಮ್ಮಿನವನಾದ ಪೀಟ್ ಬೆಸ್ಟ್ ಹೋಗಿ ರಿಂಗೊ ಸ್ಟಾರ್ ಬಂದನು. ಸೆಪ್ಟೆಂಬರಿನಲ್ಲಿ ಮಾರ್ಟಿನ್ನರು ಮಿಚ್ ಮರೆ ಎಂಬಾತನು ರಚಿಸಿದ ಹಾಡೊಂದನ್ನು ಅವರ ಮುಂದಿಟ್ಟು ಇದನ್ನು ಹಾಡಿರಿ ಎಂದರು. ಹುಡುಗರು ಹಾಡಿದರು, ಆದರೆ ತಮ್ಮದೇ ಹಾಡು ತಟ್ಟೆಯಾಗಬೇಕೆಂದು ಹಟ ಹಿಡಿದರು. ಅಧಿಕಾರಸ್ಥರು ಮಣಿಯುವುದು ಅಪರೂಪ, ಇವರು ಮಣಿದರು. ‘ಲವ್ ಮಿ ಡೂ’ ಅಕ್ಟೋಬರಿನಲ್ಲಿ ಹೊರಬಂದು ಮಾರಾಟದ ಪಟ್ಟಿಯಲ್ಲಿ ಹದಿನೇಳನೆಯ ಸ್ಥಾನದವರೆಗೆ ಏರಿತು. ಎರಡನೆಯ ತಟ್ಟೆಗಾಗಿ ತಂಡದ ಜಾನ್ ಲೆನನ್ನನು ತಂದಿದ್ದ ‘ಪ್ಲೀಸ್ ಪ್ಲೀಸ್ ಮಿ’ ವಿಲಂಬ ಕಾಲದ, ವಿರಹದ ಧಾಟಿಯ ಹಾಡಾಗಿತ್ತು. ಮಾರ್ಟಿನ್ನರು ಅದರ ನಡೆಯನ್ನು ದುಪ್ಪಟ್ಟು ಚುರುಕುಗೊಳಿಸಿರಿ ಎಂದರು. ನವೆಂಬರ್ 26ರಂದು ಅದನ್ನು ಹಾಗೆ ಹಾಡಿ ಮುಗಿಸಿದಾಗ, ಮೇಲಿನ ಕೋಣೆಯಿಂದ ಧ್ವನಿವರ್ಧಕದ ಮೂಲಕ, ನಿಮ್ಮ ಮೊದಲನೆಯ ಅಗ್ರಸ್ಥಾನದ ತಟ್ಟೆಯನ್ನು ನೀವೀಗ ಮಾಡಿದ್ದೀರಿ ಎಂದು ಅವರು ನಾಲ್ವರಿಗೂ ಘೋಷಿಸಿದರು. ಒಂದು ಹಾಡಿನ ಕಾಲಪ್ರಮಾಣವನ್ನು ತಿದ್ದಿದುದು ಸಣ್ಣ ಕೆಲಸವೆಂದು ತೋರಬಹುದು. ಒಂದೇ ಕೀರ್ತನೆಯನ್ನು ವಿಳಂಬದಲ್ಲಿಯೂ ಮಧ್ಯಮ ಕಾಲದಲ್ಲಿಯೂ ಕೇಳಿ ಬಲ್ಲ ನಮ್ಮ ರಸಿಕರಿಗೆ ಅದು ಸಣ್ಣದಲ್ಲವೆಂದು ನಾನು ವಿವರಿಸಬೇಕಾಗಿಲ್ಲ.

ಇಷ್ಟಾದ ಮೇಲೆ ದೀರ್ಘ ತಟ್ಟೆಯ ಯೋಚನೆ ಹುಟ್ಟಿತು. ಆ ಕಾಲದ ಇಂಗ್ಲೆಂಡಿನಲ್ಲಿ ಹರೆಯದವರು ಕೊಳ್ಳುತ್ತಿದ್ದುದು ಎರಡು ಹಾಡಿನ ಸಣ್ಣ ತಟ್ಟೆಗಳನ್ನು. ದೀರ್ಘ ತಟ್ಟೆ ಏನಿದ್ದರೂ ಅವರ ತಂದೆತಾಯಿಗಳ ಕೊಳ್ಳುವಿಕೆ, ಸಿನಿಮಾ ಸಂಗೀತವೋ ನಾಟಕದ ಹಾಡುಗಳೋ ಅದರಲ್ಲಿರುತ್ತಿದ್ದುವು. ಮಾರ್ಟಿನ್ನರ ಮೊದಲ ಯೋಚನೆ, ಈ ಹುಡುಗರನ್ನು ಅವರ ಊರಿನ ನೆಲಮಾಳಿಗೆಯಲ್ಲೇ, ಅಭಿಮಾನಿಗಳ ಕೂಗಿನ ನಡುವೆಯೇ ಮುದ್ರಿಸಿಕೊಳ್ಳಬೇಕೆಂಬುದು. ಡಿಸೆಂಬರಿನಲ್ಲಿ ಅವರು ಲಿವರ್‌ಪೂಲಿಗೆ ಹೋಗಿ ಕ್ಯಾವರ್ನಿನ ಕಮಾನುಗಳ ಕೆಳಗೆ ನಿಂತು ನೋಡಿದರು. ಇಟ್ಟಿಗೆಯ ಗೋಡೆಗಳಿಂದ ಬೆವರು ಇಳಿಯುತ್ತಿತ್ತು, ಸದ್ದೆಲ್ಲ ಗುಂಯ್‌ಗುಡುತ್ತಿತ್ತು. ಅಲ್ಲಿಯ ಆವೇಶ ಬೇಕು, ಅಲ್ಲಿಯ ಪ್ರತಿಧ್ವನಿ ಬೇಡ. ಹಾಗಾದರೆ ಕ್ಯಾವರ್ನಿನಲ್ಲಿ ಹಾಡಿದುದನ್ನೇ, ಹಾಡಿದ ಹಾಗೆಯೇ, ಆ್ಯಬಿ ರೋಡಿಗೆ ಬಂದು ಒಂದು ದಿನದಲ್ಲಿ ಹಾಡಿಬಿಡಿರಿ ಎಂಬ ನಿರ್ಧಾರಕ್ಕೆ ಅವರು ಬಂದರು. ಹದಿನಾಲ್ಕು ಹಾಡು ಬೇಕು, ನಾಲ್ಕು ಹಾಡು ಸಣ್ಣ ತಟ್ಟೆಗಳಲ್ಲಿ ಆಗಲೇ ಇವೆ, ಉಳಿದುವು ಹತ್ತು.

ಆ ಚಳಿಗಾಲವನ್ನು ಇಂಗ್ಲೆಂಡಿನವರು ಇಂದಿಗೂ ನೆನೆಯುತ್ತಾರೆ. 1740ರಿಂದೀಚೆಗೆ ಅಂಥ ಶೀತವನ್ನು ಆ ನಾಡು ಕಂಡಿರಲಿಲ್ಲ. ಕ್ರಿಸ್‌ಮಸ್ಸಿನ ಮರುದಿನ ಬೀಳತೊಡಗಿದ ಹಿಮವು ಮಾರ್ಚಿಯವರೆಗೂ ಪೂರ್ತಿಯಾಗಿ ಕರಗಲಿಲ್ಲ. ಜನ ಮನೆಯೊಳಗೆ ಬೆಂಕಿಯ ಮುಂದೆ ಕುಳಿತು ಟೆಲಿವಿಷನ್ ನೋಡುತ್ತಿದ್ದರು, ಆ ಟೆಲಿವಿಷನ್ನಿನಲ್ಲಿ ಜನವರಿ 19ರ ಸಂಜೆ ಈ ನಾಲ್ವರು ಕಾಣಿಸಿಕೊಂಡರು. ಫೆಬ್ರುವರಿಯ ಮೊದಲಲ್ಲಿ ಹೆಲೆನ್ ಶಪೀರೊ ಎಂಬ ಹದಿನಾರರ ಗಾಯಕಿಯ ಸಂಗೀತಯಾತ್ರೆಯಲ್ಲಿ ಕಿರಿಯ ಕಲಾವಿದರಾಗಿ ಸೇರಿಕೊಂಡು, ಹಿಮ ಮುಚ್ಚಿದ ರಸ್ತೆಗಳಲ್ಲಿ ಬಸ್ಸಿನಲ್ಲಿ ಊರಿಂದೂರಿಗೆ ಹೋಗುತ್ತಿದ್ದವರು, ಅದರ ನಡುವೆ ದೊರೆತ ಬಿಡುವಿನಲ್ಲಿ ಲಂಡನ್ನಿಗೆ ಬಂದರು. ಲೆನನ್ನನಿಗೆ ಬಲವಾದ ನೆಗಡಿಯಾಗಿ ಗಂಟಲು ಕಟ್ಟಿತ್ತು.

ಬೆಳಿಗ್ಗೆ ಹತ್ತು ಗಂಟೆ. ಎರಡನೆಯ ನಂಬರಿನ ಸ್ಟುಡಿಯೊ ಎಂಬುದು ಎತ್ತರದ ಸೂರಿನ, ಮರದ ನೆಲದ, ಶಾಲೆಯ ವ್ಯಾಯಾಮಶಾಲೆಯನ್ನು ನೆನಪಿಗೆ ತರುವ ದೊಡ್ಡ ಹಜಾರ. ಒಂದು ಕೊನೆಯಲ್ಲಿ ಕಡಿದಾದ ಮೆಟ್ಟಿಲುಗಳು, ಮೆಟ್ಟಿಲ ಮೇಲೆ ಯಂತ್ರಗಳ ಕೋಣೆ, ಅದರ ಗಾಜಿನ ಕಿಟಕಿಯಿಂದ ಕೆಳಗಿನವರನ್ನು ಕಾಣಬಹುದು. ಇಎಂಐ ಆಗಿನ್ನೂ ಸರ್ಕಾರಿ ಕಚೇರಿಯ ಗತ್ತಿನ ಸಂಸ್ಥೆ. ಯಂತ್ರ ನೋಡುವವರು ಆಸ್ಪತ್ರೆಯವರಂತೆ ಬಿಳಿಯ ಕೋಟು ತೊಡುತ್ತಿದ್ದರು, ಮೇಲಿನವರು ಕೊರಳಿಗೆ ಟೈ ಇಲ್ಲದೆ ಬರುವಂತಿರಲಿಲ್ಲ, ಮತ್ತು ದಿನವನ್ನು ಮೂರು ಗಂಟೆಗಳ ಪಾಳಿಗಳಾಗಿ ಕೊಯ್ದಿಟ್ಟಿದ್ದರು. ಪಾಳಿಯೊಂದಕ್ಕೆ ವಾದ್ಯಗಾರನಿಗೆ ಸಂಘದ ದರದಂತೆ ಏಳು ಪೌಂಡು ಹತ್ತು ಷಿಲಿಂಗು. ಶಾಸ್ತ್ರೀಯ ಸಂಗೀತಕ್ಕೆ ನಾಲ್ಕು ಜಾಡಿನ ಟೇಪು ಯಂತ್ರವಿತ್ತು. ಇವರಿಗೆ ಎರಡು ಜಾಡಿನದೇ ಗತಿ. ಧ್ವನಿಯ ಹದ ನೋಡುವವರು ನಾರ್ಮನ್ ಸ್ಮಿತ್. ನಾಲ್ಕು ವರ್ಷಗಳ ಮೇಲೆ ಪಿಂಕ್ ಫ್ಲಾಯ್ಡ್ ಎಂಬ ಇನ್ನೊಂದು ತಂಡದ ಚೊಚ್ಚಲ ತಟ್ಟೆಗೆ ಇದೇ ಕಟ್ಟಡದಲ್ಲಿ ಇವರೇ ಪ್ರೊಡ್ಯೂಸರರಾಗತಕ್ಕವರು. ಆದರೆ ಆ ಬೆಳಿಗ್ಗೆ ಅವರು ಮಾಡಿದುದು ಒಂದು ಸರಳವಾದ ಸಾಹಸ. ಒಂದು ವಾದ್ಯದ ಸದ್ದು ಇನ್ನೊಂದರ ಮೈಕಿಗೆ ನುಸುಳದಂತೆ ಎಲ್ಲರನ್ನೂ ತಡಿಕೆಗಳ ಹಿಂದೆ ಬೇರೆಬೇರೆಯಾಗಿ ಕೂರಿಸುವುದು ವಾಡಿಕೆ. ಸ್ಮಿತ್ತರು ನಾಲ್ವರನ್ನೂ ವೇದಿಕೆಯ ಮೇಲೆ ನಿಲ್ಲುವಂತೆಯೇ ನಿಲ್ಲಿಸಿ, ಮೈಕುಗಳನ್ನು ತುಸು ದೂರಕ್ಕೆ ಸರಿಸಿ, ಆ ಕೊಠಡಿಯ ಗಾಳಿಯನ್ನೂ ಟೇಪಿಗೆ ಬರಗೊಟ್ಟರು.

ಪಿಯಾನೊದ ಮೇಲೆ ಗಂಟಲಿಗೆ ಚೀಪುವ ಮಾತ್ರೆಗಳ ದೊಡ್ಡದೊಂದು ಗಾಜಿನ ಭರಣಿ, ಅದರ ಪಕ್ಕದಲ್ಲೇ ಅಷ್ಟೇ ದೊಡ್ಡದೊಂದು ಸಿಗರೇಟಿನ ಪೆಟ್ಟಿಗೆ. ಕೂಡಲೇ ‘ದೇರ್ಸ್ ಎ ಪ್ಲೇಸ್’ ಎಂಬ ಹಾಡನ್ನು ಆರಂಭಿಸಿ ಹತ್ತು ಬಾರಿ ಹಾಡಿದರು, ಅಲ್ಲಿಯ ಮಾತಿನಲ್ಲಿ ಹತ್ತು ಟೇಕುಗಳಾದುವು. ಆಮೇಲೆ ‘ಸೆವೆಂಟೀನ್’ ಎಂದು ಆ ದಿನ ಕರೆಯುತ್ತಿದ್ದ, ಮುಂದೆ ‘ಐ ಸಾ ಹರ್ ಸ್ಟ್ಯಾಂಡಿಂಗ್ ದೇರ್’ ಎಂದು ಪ್ರಸಿದ್ಧವಾದ ಹಾಡು. ಇದರ ಒಂಬತ್ತು ಟೇಕುಗಳಲ್ಲಿ ಮೊದಲನೆಯದೇ ಚೆನ್ನಾಗಿತ್ತು. ಆದರೆ ಒಂಬತ್ತನೆಯದರ ಆರಂಭದಲ್ಲಿ ತಂಡದ ಪಾಲ್ ಮೆಕಾರ್ಟ್ನಿಯು ಒಂದು, ಎರಡು, ಮೂರು ಎಂದು ಎಣಿಸಿ, ‘ನಾಲ್ಕು’ ಎಂಬುದನ್ನು ಎಣಿಕೆಯಂತಲ್ಲದೆ ಕೇಕೆಯಂತೆ ಎಸೆದಿದ್ದನು. ಹಾಡು ಶುರುವಾಗುವ ಮುನ್ನಿನ ಇಂಥ ಎಣಿಕೆಯನ್ನು ಕತ್ತರಿಸಿ ಬಿಸುಡುವುದು ಲೋಕರೂಢಿ. ಮಾರ್ಟಿನ್ನರು ಆಮೇಲೆ ಕತ್ತರಿಸಿದರು ನಿಜ, ಬಿಸುಡಲಿಲ್ಲ. ಒಂಬತ್ತನೆಯ ಟೇಕಿನ ಎಣಿಕೆಯನ್ನು ಒಂದನೆಯ ಟೇಕಿನ ತಲೆಗೆ ಅಂಟಿಸಿ, ಆ ಹಾಡನ್ನೇ ತಟ್ಟೆಯ ಮೊದಲಲ್ಲಿಟ್ಟರು. ಕಛೇರಿಗೆ ಬಂದು ಕುಳಿತ ಶ್ರೋತೃವಿನ ಬೆನ್ನ ಮೇಲೆ ಸಲುಗೆಯಿಂದ ಒಂದು ಗುದ್ದು ಕೊಟ್ಟು ಎಬ್ಬಿಸಿದಂತೆ ಆ ಎಣಿಕೆ ಕೇಳಿಸುತ್ತದೆ.

ಮಧ್ಯಾಹ್ನ ಒಂದಕ್ಕೆ ಬಿಡುವು. ಮಾರ್ಟಿನ್, ಸ್ಮಿತ್ ಮತ್ತು ಸಹಾಯಕರು ಹತ್ತಿರದ ಪಾನಗೃಹಕ್ಕೆ ಊಟಕ್ಕೆ ಹೊರಟರು. ಹುಡುಗರು, ನಾವು ಇಲ್ಲೇ ಅಭ್ಯಾಸ ಮಾಡುತ್ತೇವೆ ಎಂದರು. ಉಂಡು ಬಂದವರು ನೋಡುತ್ತಾರೆ, ನಾಲ್ವರೂ ಹಾಲು ಕುಡಿದುಕೊಂಡು ಇನ್ನೂ ನುಡಿಸುತ್ತಲೇ ಇದ್ದಾರೆ! ಊಟದ ಹೊತ್ತನ್ನು ಬಿಟ್ಟು ಕೆಲಸ ಮಾಡುವ ತಂಡವನ್ನು ಆ ಕಟ್ಟಡದವರು ಅದುವರೆಗೆ ಕಂಡಿರಲಿಲ್ಲವಂತೆ. ಇದರಲ್ಲಿ ವಿಸ್ಮಯವೇನೂ ಇಲ್ಲ. ಜರ್ಮನಿಯ ಹ್ಯಾಂಬುರ್ಗ್ ಬಂದರಿನ ಪಾನಶಾಲೆಗಳಲ್ಲಿ, ನಾವಿಕರ ಗಲಭೆಯ ನಡುವೆ, ರಾತ್ರಿಗೆ ಹಲವು ತಾಸುಗಳಂತೆ, 1960ರಿಂದ ಹೋಗಿಬಂದು ಹಾಡಿದವರು ಅವರು. ಆಗ ತಾನೇ ಡಿಸೆಂಬರಿನಲ್ಲಿ ಕಡೆಯ ಬಾರಿ ಅಲ್ಲಿ ಎರಡು ವಾರ ಹಾಡಿ ಬಂದಿದ್ದರು. ಪೇಟೆಯ ಜನ ಒಂದು ದಿನವೆಂದು ಬೆರಗಾದುದರ ಹಿಂದೆ ಆ ಎರಡು ಮೂರು ವರ್ಷಗಳ ಇರುಳುಗಳಿದ್ದುವು. ಲೆನನ್ ಮತ್ತು ರಿಂಗೊ ಇಪ್ಪತ್ತೆರಡರವರು, ಮೆಕಾರ್ಟ್ನಿ ಇಪ್ಪತ್ತರವನು, ಹ್ಯಾರಿಸನ್ನನಿಗೆ ಇಪ್ಪತ್ತು ತುಂಬಲು ಇನ್ನೂ ಎರಡು ವಾರ.

ಮಧ್ಯಾಹ್ನದ ಪಾಳಿಯ ಹಾಡುಗಳನ್ನು ಬೇಗ ದಾಟೋಣ. ‘ಎ ಟೇಸ್ಟ್ ಆಫ್ ಹನಿ’ಯಲ್ಲಿ ಮೆಕಾರ್ಟ್ನಿಯ ಧ್ವನಿಯ ಮೇಲೆ ಅವನದೇ ಧ್ವನಿಯನ್ನು ಇನ್ನೊಮ್ಮೆ ಹೂಡಿದರು, ಹ್ಯಾರಿಸನ್ನನು ತನ್ನ ಪಾಲಿನ ಒಂದು ಹಾಡನ್ನು ಸಂಕೋಚದ ಧ್ವನಿಯಲ್ಲಿ ಹಾಡಿದನು, ‘ಮಿಸರಿ’ ಹನ್ನೊಂದು ಟೇಕು ತೆಗೆದುಕೊಂಡಿತು. ಆರು ಗಂಟೆಗೆ ಬಿಡುವು, ಏಳೂವರೆಗೆ ಮತ್ತೆ ಆರಂಭ. ರಾತ್ರಿಯ ಪಾಳಿಯ ಮೊದಲಲ್ಲಿ ‘ಹೋಲ್ಡ್ ಮಿ ಟೈಟ್’ ಎಂಬುದನ್ನು ಹದಿಮೂರು ಟೇಕುಗಳವರೆಗೆ ಎಳೆದು, ಅದು ಹದಕ್ಕೆ ಬರದಿರಲು ಕೈಬಿಟ್ಟರು. ಆಮೇಲೆ ಅವರು ಹಿಡಿದುದು ಅಮೆರಿಕದ ಕರಿಯ ಗಾಯಕ ಗಾಯಕಿಯರ ಹಾಡುಗಳನ್ನು, ಲಿವರ್‌ಪೂಲ್ ಹ್ಯಾಂಬುರ್ಗುಗಳಲ್ಲಿ ಸವೆಸಿ ನಾಲಗೆಗೆ ಹತ್ತಿದ್ದ ಹಾಡುಗಳನ್ನು. ಆರ್ಥರ್ ಅಲೆಗ್ಸಾಂಡರನ ಒಂದು, ಷಿರೆಲ್ಸ್ ಎಂಬ ಹುಡುಗಿಯರ ತಂಡದ ಎರಡು, ಕುಕೀಸ್ ಎಂಬ ಇನ್ನೊಂದು ತಂಡದ ಒಂದು. ರಿಂಗೊ ಹಾಡಿದ ‘ಬಾಯ್ಸ್’ ಒಂದೇ ಟೇಕಿನಲ್ಲಿ ಮುಗಿಯಿತು; ಹುಡುಗಿಯರು ಹುಡುಗರನ್ನು ಕುರಿತು ಹಾಡುವ ಹಾಡನ್ನು ಗಂಡಸೊಬ್ಬನು ಹಾಡಿದರೆ ಏನರ್ಥವಾದೀತೆಂಬ ಯೋಚನೆ ಅವರಲ್ಲಿ ಯಾರಿಗೂ ಬಂದಂತಿಲ್ಲ.

ರಾತ್ರಿ ಹತ್ತು ಸಮೀಪಿಸಿತು. ಇನ್ನೊಂದು ಹಾಡು ಬೇಕು. ಉಪಾಹಾರದ ಕೋಣೆಯಲ್ಲಿ ಕಾಫಿ ಕುಡಿಯುತ್ತ ಯಾವುದೆಂದು ಚರ್ಚೆ ನಡೆದು, ‘ಟ್ವಿಸ್ಟ್ ಅಂಡ್ ಶೌಟ್’ ಎಂಬುದಾಗಿ ನಿಶ್ಚಯವಾಯಿತು. ಐಸ್ಲಿ ಬ್ರದರ್ಸ್ ಎಂಬ ಅಮೆರಿಕನ್ ತಂಡವು ಹಿಂದಿನ ವರ್ಷ ಪ್ರಸಿದ್ಧಿಗೆ ತಂದಿದ್ದ ಹಾಡದು. ಕ್ಯಾವರ್ನಿನಲ್ಲಿ ಲೆನನ್ನನು ಅದನ್ನು ಹಾಡುವ ರೀತಿ ಎಂಥದೆಂದರೆ, ಒಮ್ಮೆ ಹಾಡಿದ ಮೇಲೆ ಆ ಹೊತ್ತಿಗೆ ಬೇರೇನನ್ನೂ ಹಾಡುವಂತಿರಲಿಲ್ಲ. ಹನ್ನೆರಡು ತಾಸಿನಿಂದ ಹಾಡಿ ಹರಿದ, ನೆಗಡಿಯಿಂದ ಮೊದಲೇ ಊದಿದ್ದ ಗಂಟಲು. ಅವನು ಇನ್ನೆರಡು ಮಾತ್ರೆ ಚೀಪಿ, ಹಾಲಿನಿಂದ ಗಂಟಲನ್ನು ಗಳಗಳಿಸಿ, ಕೆಳಗಿಳಿದು ಮೈಕಿನ ಮುಂದೆ ನಿಂತನು. ಮೇಲಿನ ಕೋಣೆಯವರಿಗೂ ತಿಳಿದಿತ್ತು: ಇದು ಮೊದಲ ಸಲಕ್ಕೆ ಬಂದರೆ ಬಂತು. ಎರಡೂವರೆ ನಿಮಿಷದ ಹಾಡು. ಅದರಲ್ಲಿ ಕೇಳಿಬರುವುದನ್ನು ಸುಸ್ವರವೆಂದು ಯಾರೂ ಕರೆಯಲಾರರು. ತಾರಸ್ಥಾಯಿಗೆ ಏರಿದಾಗ ಧ್ವನಿ ಒಡೆಯುತ್ತದೆ, ಬಿರಿಯುತ್ತದೆ, ಬಟ್ಟೆ ಹರಿದಂತೆ ಸದ್ದಾಗುತ್ತದೆ, ಹಾಡುವವರು ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಆಲಾಪದ ತುದಿಯಲ್ಲಿ ಒಟ್ಟಿಗೆ ಅರಚುತ್ತಾರೆ. ಕಡೆಯಲ್ಲಿ ಯಾರೋ ಗೆದ್ದವರಂತೆ ಕೂಗುವುದೂ ಟೇಪಿನಲ್ಲಿ ಉಳಿದಿದೆ. ಮಾರ್ಟಿನ್ನರು ಇನ್ನೊಮ್ಮೆ ಎಂದರು. ಎರಡನೆಯ ಟೇಕಿಗೆ ಲೆನನ್ನನ ಧ್ವನಿ ಉಳಿದಿರಲಿಲ್ಲ. ಮೊದಲನೆಯದೇ ತಟ್ಟೆಗೆ ಹೋಯಿತು. ಹತ್ತೂಮುಕ್ಕಾಲಿಗೆ ದೀಪ ಆರಿಸಿದರು. ಒಟ್ಟು 585 ನಿಮಿಷಗಳ ಕೆಲಸ. ಗಂಟಲು ನೋಯುತ್ತಿದ್ದ ಲೆನನ್ನನೂ ಸಂಗಡಿಗರೂ ಮರುದಿನ ಉತ್ತರಕ್ಕೆ ಪ್ರಯಾಣ ಮಾಡಿ ಷೆಫೀಲ್ಡಿನಲ್ಲಿ ಒಮ್ಮೆ, ಓಲ್ಡಮ್ಮಿನಲ್ಲಿ ಒಮ್ಮೆ, ಎರಡು ಕಡೆ ಹಾಡಿದರು.

ಇಲ್ಲಿ ನನ್ನ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ಟೇಪನ್ನು ಕತ್ತರಿಸಿ ಅಂಟಿಸಿ ಬೇಕಾದ ಭ್ರಮೆಯನ್ನು ಹುಟ್ಟಿಸಬಲ್ಲ ಕುಶಲಿ ಆ ಕಾಲದ ಲಂಡನ್ನಿನಲ್ಲಿ ಯಾರಾದರೂ ಇದ್ದರೆ ಅದು ಮಾರ್ಟಿನ್ನರು. ಐದು ವರ್ಷಗಳೊಳಗೆ ಇದೇ ಹುಡುಗರೊಡನೆ, ಇದೇ ಕಟ್ಟಡದಲ್ಲಿ, ಒಂದೇ ತಟ್ಟೆಗೆ ತಿಂಗಳುಗಟ್ಟಲೆ ವ್ಯಯಿಸಿ ಲೋಕವನ್ನು ಬೆರಗುಗೊಳಿಸಿದವರೂ ಅವರೇ. ಅಂಥವರು ಆ ಸೋಮವಾರ ತಮ್ಮ ವಿದ್ಯೆಯನ್ನೆಲ್ಲ ಮಡಿಚಿಟ್ಟು, ಕೈಕಟ್ಟಿ ಕುಳಿತು, ಹುಡುಗರ ಹುಮ್ಮಸ್ಸು ಗಡಿಯಾರಕ್ಕಿಂತ ಮೊದಲು ಮುಗಿಯದಂತೆ ಮಾತ್ರ ನೋಡಿಕೊಂಡರು. ಆ ತಟ್ಟೆಯ ಗುಣವು ಕಂಪೆನಿಯ ಜಿಪುಣತನದಿಂದ ಹುಟ್ಟಿತೆಂದು ಹೇಳುವವರುಂಟು. ಅದು ಅರ್ಧ ಸತ್ಯ. ಜಿಪುಣತನದಿಂದ ಎಷ್ಟೋ ಕೆಟ್ಟ ತಟ್ಟೆಗಳೂ ಹುಟ್ಟಿವೆ. ಸಮಯವಿಲ್ಲದ ಕಡೆ ಯಾವುದನ್ನು ಮುಟ್ಟದೆ ಬಿಡಬೇಕೆಂದು ಬಲ್ಲವನೊಬ್ಬನು ಮೇಲೆ ಕುಳಿತಿದ್ದುದರಿಂದ ಇದು ಹೀಗಾಯಿತು.

ಅವರು ಪೂರ್ತಿ ಕೈಕಟ್ಟಿ ಕುಳಿತರೆಂದರೂ ತಪ್ಪಾದೀತು. ಫೆಬ್ರುವರಿ 20ರಂದು, ಹುಡುಗರು ಅಲ್ಲಿಲ್ಲದಾಗ, ಮಾರ್ಟಿನ್ನರು ಒಬ್ಬರೇ ಪಿಯಾನೊದ ಮುಂದೆ ಕುಳಿತರು. ‘ಮಿಸರಿ’ಯ ಟೇಪನ್ನು ಅರ್ಧ ವೇಗಕ್ಕೆ ಇಳಿಸಿ ತಿರುಗಿಸಲು, ಹಾಡು ಒಂದು ಸ್ಥಾಯಿ ಕೆಳಗಿಳಿದು ಗೊಗ್ಗರು ಧ್ವನಿಯಲ್ಲಿ ತೆವಳತೊಡಗಿತು, ಅದರ ಜೊತೆಗೆ ಅವರು ನಿಧಾನವಾಗಿ ಸ್ವರಗಳನ್ನು ನುಡಿಸಿದರು. ಟೇಪು ಮತ್ತೆ ಪೂರ್ಣ ವೇಗದಲ್ಲಿ ತಿರುಗಿದಾಗ ಆ ಸ್ವರಗಳು ಮಣಿ ಚೆಲ್ಲಿದಂತೆ ಮೇಲ್‌ಸ್ಥಾಯಿಯಲ್ಲಿ ಉರುಳಿ ಹೋದುವು. ‘ಬೇಬಿ ಇಟ್ಸ್ ಯು’ ಹಾಡಿನಲ್ಲಿ ಗಿಟಾರಿನ ನೆರಳಿನಂತೆ ಕೇಳುವ ಸೆಲೆಸ್ಟಾ ವಾದ್ಯವೂ ಆ ದಿನ ಅವರು ಸೇರಿಸಿದುದೇ. ಇಡೀ ತಟ್ಟೆಯಲ್ಲಿ ಮಾರ್ಟಿನ್ನರ ಬೆರಳು ಕೇಳಿಸುವುದು ಇಷ್ಟೇ ಕಡೆ.

ತಟ್ಟೆಯ ರಕ್ಷಾಪುಟಕ್ಕೆ ಲಂಡನ್ನಿನ ಮೃಗಾಲಯದ ಕೀಟಗಳ ಮನೆಯ ಮುಂದೆ ಹುಡುಗರನ್ನು ನಿಲ್ಲಿಸಿ ಚಿತ್ರ ತೆಗೆಸಬೇಕೆಂಬುದು ಮಾರ್ಟಿನ್ನರ ಆಸೆ. ತಂಡದ ಹೆಸರಿನಲ್ಲಿ ಜೀರುಂಡೆಯ ಸುಳಿವಿರುವುದರಿಂದ ಹುಟ್ಟಿದ ಹಾಸ್ಯ ಅದು. ಮೃಗಾಲಯದವರು ಒಪ್ಪಲಿಲ್ಲ. ಕಡೆಗೆ ಆ್ಯಂಗಸ್ ಮೆಕ್‌ಬೀನ್ ಎಂಬ ಛಾಯಾಗ್ರಾಹಕನು ಕಂಪೆನಿಯ ಕಚೇರಿಯ ಬಾಗಿಲಲ್ಲೇ ಅಂಗಾತ ಮಲಗಿ, ಮೇಲಿನ ಅಂತಸ್ತಿನ ಕಟಕಟೆಯಿಂದ ಬಗ್ಗಿ ನೋಡುತ್ತಿದ್ದ ನಾಲ್ವರ ಚಿತ್ರವನ್ನು ತೆಗೆದನು. ಮಾರ್ಚಿ 22ರಂದು ತಟ್ಟೆ ಹೊರಬಂದಿತು. ಹದಿನಾಲ್ಕರಲ್ಲಿ ಎಂಟು ಹಾಡುಗಳು ಲೆನನ್ ಮೆಕಾರ್ಟ್ನಿಯರವೇ. ಹಾಡುವವರೇ ಹಾಡು ಕಟ್ಟುವುದು ಆ ಪೇಟೆಯಲ್ಲಿ ಅಪರೂಪವಾಗಿತ್ತು. ಮೇ 11ರಂದು ಅದು ಅಗ್ರಸ್ಥಾನಕ್ಕೇರಿ, ಮೂವತ್ತು ವಾರ ಅಲ್ಲಿಂದ ಕದಲಲಿಲ್ಲ. ಕದಲಿಸಿದುದು ಅದೇ ತಂಡದ ಎರಡನೆಯ ತಟ್ಟೆ, ಕೈಬಿಟ್ಟಿದ್ದ ‘ಹೋಲ್ಡ್ ಮಿ ಟೈಟ್’ ಹೊಸದಾಗಿ ಹಾಡಿಸಿಕೊಂಡು ಸೇರಿದ ತಟ್ಟೆ. ಚೊಚ್ಚಲ ತಟ್ಟೆಗೆ ತಗುಲಿದ ವೆಚ್ಚ ಸುಮಾರು ನಾನೂರು ಪೌಂಡೆಂದು ಮಾರ್ಟಿನ್ನರು ಮುಂದೆ ನೆನೆದಿದ್ದಾರೆ. ಹುಡುಗರಿಗೆ ಕರಾರಿನಂತೆ ದೊರೆಯುತ್ತಿದ್ದ ಗೌರವಧನ, ಎರಡು ಹಾಡಿನ ತಟ್ಟೆಯೊಂದಕ್ಕೆ ಒಂದು ಪೆನ್ನಿ, ಅದೂ ಎಲ್ಲರಿಗೂ ಸೇರಿ. ಮಾರ್ಟಿನ್ನರಿಗೆ ಸಂಬಳದ ಹೊರತು ಏನೂ ಇಲ್ಲ. 1963ರಲ್ಲಿ ಅವರು ಮಾಡಿಸಿದ ತಟ್ಟೆಗಳು ಮೂವತ್ತೇಳು ವಾರ ಅಗ್ರಸ್ಥಾನದಲ್ಲಿದ್ದುವು. ಆ ವರ್ಷದ ಕ್ರಿಸ್‌ಮಸ್ ಬೋನಸು ಅವರಿಗೆ ಬರಲಿಲ್ಲ. 1965ರಲ್ಲಿ ಅವರು ಕೆಲಸ ಬಿಟ್ಟು ಸ್ವತಂತ್ರರಾದರು.

ಆ ತಟ್ಟೆಯನ್ನು ಈಗ ಹುಡುಕಿ ಕೇಳುವವರಿಗೆ ಒಂದು ಸೂಚನೆ. ಎರಡು ಜಾಡುಗಳಲ್ಲಿ ಒಂದರಲ್ಲಿ ವಾದ್ಯ, ಇನ್ನೊಂದರಲ್ಲಿ ಗಾಯನ ಎಂದು ಅವರು ಹಿಡಿದುದು ಆಮೇಲೆ ಎರಡನ್ನೂ ಹದವಾಗಿ ಬೆರೆಸಿ ಒಂದು ಮಾಡಲೆಂದು. ಆದ್ದರಿಂದ ಮಾನೊ ಮುದ್ರಣವೇ ಅವರು ಬಯಸಿದ ತಟ್ಟೆ, ಅದನ್ನೇ ಮೊದಲು ಕೇಳಿರಿ. ಆಮೇಲೆ, ಏಪ್ರಿಲ್ 26ರಂದು ಹೊರಬಂದ ಸ್ಟೀರಿಯೊ ಮುದ್ರಣ ಕೈಗೆ ಸಿಕ್ಕಿದರೆ, ಕಡೆಯ ಹಾಡಿಗೆ ಬಂದಾಗ ಎಡಗಡೆಯ ಸ್ಪೀಕರನ್ನು ಮುಚ್ಚಿಬಿಡಿರಿ. ಬಲಗಡೆ ಲೆನನ್ನನ ಧ್ವನಿ, ಸಂಗಡಿಗರ ಧ್ವನಿಯೊಡನೆ, ಬಹುಪಾಲು ವಾದ್ಯಗಳಿಲ್ಲದೆ ಕೇಳಿಬರುತ್ತದೆ. ಅದರ ಹಿಂದೆ, ದೂರದಿಂದ, ಅವನ ಮೈಕಿಗೆ ನುಸುಳಿ ಬಂದ ರಿಂಗೊನ ಡ್ರಮ್ಮು ಕೇಳುತ್ತದೆ.